ಕಾಗದ ಕಳಿಸಿದ್ದಾಯಿತು, ತಲುಪಿತೇ?

ಪರೀಕ್ಷೆಯ ಫಲಿತಾಂಶ ಬಂದ ಮೇಲಿನ ಒಂದೆರಡು ತಿಂಗಳು ಮನೆಮನೆಯಲ್ಲೂ ಕಾಯುವ ಕಾಲ. ಹಿಂದೆ ಅಂಚೆಯಣ್ಣನ ಸೈಕಲ್ ಗಂಟೆಗೆ ಕಿವಿಗೊಟ್ಟು ಕೂರುತ್ತಿದ್ದರು. ಈಗ ಅರ್ಧ ಗಂಟೆಗೊಮ್ಮೆ ಮೊಬೈಲ್ ತೆರೆದು ಇ-ಮೇಲ್ ನೋಡುತ್ತಾರೆ. ಸೀಟು ಸಿಕ್ಕಿದ ಸುದ್ದಿ, ಸಂದರ್ಶನದ ತಾರೀಖು, ವಿದ್ಯಾರ್ಥಿವೇತನಕ್ಕೆ ಇನ್ನೊಂದು ದಾಖಲೆ ಬೇಕೆಂಬ ಸೂಚನೆ, ಶುಲ್ಕ ಕಟ್ಟುವ ಕೊನೆಯ ದಿನ, ಇವೆಲ್ಲ ಬರುವುದು ಈ ದಾರಿಯಲ್ಲೇ. ಕೊನೆಯ ದಿನ ಕಳೆದ ಮೇಲೆ ಕಾಲೇಜಿಗೆ ಹೋಗಿ ವಿಚಾರಿಸಿದರೆ ಗುಮಾಸ್ತರು ಕಂಪ್ಯೂಟರ್ ಪರದೆ ತೋರಿಸಿ, 'ನೋಡಿ, ಹತ್ತನೇ ತಾರೀಖೇ ಕಳಿಸಿದ್ದೇವೆ' ಎನ್ನುತ್ತಾರೆ. ತಂದೆ ತಮ್ಮ ಮೊಬೈಲ್ ಮುಂದೆ ಹಿಡಿದು, 'ನಮಗೆ ಬಂದೇ ಇಲ್ಲವಲ್ಲ ಸಾರ್' ಎನ್ನುತ್ತಾರೆ. ವಿಚಿತ್ರವೆಂದರೆ, ಇಬ್ಬರ ಮಾತೂ ನಿಜವಾಗಿರಬಹುದು.

ಇ-ಮೇಲ್ ಲೋಕದಲ್ಲಿ ಕಳಿಸುವುದು ಒಂದು ಕೆಲಸ, ತಲುಪುವುದು ಬೇರೆಯೇ ಒಂದು ಕೆಲಸ. ತಲುಪುವಿಕೆ ಹೇಗೆ ನಡೆದಿದೆ ಎಂದು ಅಳೆದು ತೋರಿಸುವ ಸಾಧನಗಳಿವೆ. ಅವುಗಳಲ್ಲಿ ಕೆಲವು ಉಚಿತವಾಗಿಯೇ ಸಿಗುತ್ತವೆ. ಆದರೂ ಕಾಗದಗಳು ದಾರಿ ತಪ್ಪುತ್ತಲೇ ಇರುತ್ತವೆ. ಇದಕ್ಕೆ ಯಂತ್ರದ ದೋಷ ಮಾತ್ರವೇ ಕಾರಣವಲ್ಲ. ಅಳತೆ ನೋಡುವ ಅವಕಾಶ ಇಡೀ ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಇರುವುದೂ ಒಂದು ದೊಡ್ಡ ಕಾರಣ. ಇದನ್ನು ಅರಿಯಲು ಮೊದಲು ಕಾಗದದ ಪ್ರಯಾಣವನ್ನು ನೋಡಬೇಕು.

ಬಾಗಿಲವರೆಗೆ ಬಂದ ಕಾಗದ

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇ-ಮೇಲ್ ಹೇಗೆ ಸಾಗಬೇಕೆಂಬ ನಿಯಮಗಳನ್ನು 1982ರಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಬರೆದಿಟ್ಟರು. ಎಸ್‌ಎಂಟಿಪಿ ಎಂಬ ಹೆಸರಿನ ಈ ನಿಯಮಾವಳಿ ಕೆಲವು ತಿದ್ದುಪಡಿಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಕಳಿಸುವ ಸರ್ವರ್ ಪಡೆಯುವ ಸರ್ವರಿನ ಬಾಗಿಲು ತಟ್ಟುತ್ತದೆ; ತಾನು ಯಾರು, ಕಾಗದ ಯಾರಿಗೆ ಎಂದು ಹೇಳುತ್ತದೆ. ಒಪ್ಪಿಗೆಯಾದರೆ ಆ ಕಡೆಯಿಂದ 250 ಎಂಬ ಸಂಖ್ಯೆ ಬರುತ್ತದೆ. 'ಸರಿ, ತೆಗೆದುಕೊಂಡೆ' ಎಂದು ಅದರ ಅರ್ಥ. ಅಂಥ ವಿಳಾಸವೇ ಇಲ್ಲದಿದ್ದರೆ 550 ಎಂಬ ಉತ್ತರ ಬಂದು ಕಾಗದ ಹಿಂತಿರುಗುತ್ತದೆ.

ಗುಮಾಸ್ತರ ಪರದೆಯಲ್ಲಿ 'ಕಳಿಸಲಾಗಿದೆ' ಎಂದು ಕಾಣುವುದಕ್ಕೆ ಹೆಚ್ಚೆಂದರೆ ಈ 250ರ ಆಧಾರವಿರುತ್ತದೆ. ಬಾಗಿಲಲ್ಲಿ ಕಾಗದ ತೆಗೆದುಕೊಂಡ ಮೇಲೆ ಒಳಗೆ ಇನ್ನೊಂದು ವಿಚಾರಣೆ ನಡೆಯುತ್ತದೆ. ಇದು ಓದುವಂಥ ಕಾಗದವೋ, ಕಸವೋ ಎಂದು ಸೋಸುವ ವ್ಯವಸ್ಥೆ ತೀರ್ಮಾನಿಸಿ ಇನ್‌ಬಾಕ್ಸಿಗೋ ಸ್ಪ್ಯಾಮ್ ಪೆಟ್ಟಿಗೆಗೋ ಹಾಕುತ್ತದೆ. ಆ ತೀರ್ಮಾನ ಏನಾಯಿತೆಂದು ಕಳಿಸಿದವರಿಗೆ ಯಾರೂ ತಿಳಿಸುವುದಿಲ್ಲ. ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದ ಕಾಗದ 30 ದಿನಗಳ ನಂತರ ತಾನಾಗಿ ಅಳಿಸಿಹೋಗುತ್ತದೆ. ಸೀಟು ಕೊಟ್ಟೆವೆಂದು ಕಾಲೇಜು ಬರೆದ ಪತ್ರವೂ ಹೀಗೆ ಕಣ್ಣಿಗೆ ಬೀಳದೆ ಮಾಯವಾಗಬಹುದು.

ಇಷ್ಟೊಂದು ಅನುಮಾನ ಏಕೆ?

ಕಾಗದವನ್ನು ಹೀಗೆ ಅನುಮಾನಿಸುವ ಪರಿಸ್ಥಿತಿ ಬಂದದ್ದು ಜಾಹೀರಾತುಗಳ ಹಾವಳಿಯಿಂದ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್ ತಮ್ಮ ಹೊಸ ಯಂತ್ರಗಳ ಪ್ರದರ್ಶನಕ್ಕೆ ಬರುವಂತೆ ಸುಮಾರು 400 ಜನರಿಗೆ ಒಟ್ಟಿಗೇ ಸಂದೇಶ ಕಳಿಸಿದರು. ಯಾರೂ ಕೇಳದೆ ಸಾಮೂಹಿಕವಾಗಿ ಬಂದ ಮೊದಲ ಇ-ಮೇಲ್ ಜಾಹೀರಾತು ಎಂಬ ಹೆಸರು ಅದಕ್ಕೆ ಬಂದಿದೆ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ತಮ್ಮ ಸಹೋದ್ಯೋಗಿ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದರು. ಅದರಿಂದ ಯಾರು ಬೇಕಾದರೂ ಪುಕ್ಕಟೆಯಾಗಿ ಇ-ಮೇಲ್ ವಿಳಾಸ ಪಡೆಯುವಂತಾಯಿತು. ಸಾಮಾನ್ಯರಿಗೆ ಸಿಕ್ಕ ಈ ಅನುಕೂಲ ಕಸ ಕಳಿಸುವವರಿಗೂ ಸಿಕ್ಕಿತು. ಕಾಗದಕ್ಕೆ ಅಂಚೆಚೀಟಿಯ ಖರ್ಚಿಲ್ಲ. ಹತ್ತು ಕಳಿಸಿದರೂ ಹತ್ತು ಲಕ್ಷ ಕಳಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಹೀಗಾಗಿ ಬಾಗಿಲಲ್ಲಿ ಕಾವಲು ಬಿಗಿಯಾಯಿತು.

ಇಂದು ಕಾವಲುಗಾರ ಮುಖ್ಯವಾಗಿ ಮೂರು ಗುರುತುಗಳನ್ನು ನೋಡುತ್ತಾನೆ. ಮೊದಲನೆಯದು ಎಸ್‌ಪಿಎಫ್. ತನ್ನ ಹೆಸರಿನಲ್ಲಿ ಕಾಗದ ತರಲು ಯಾವ ಯಾವ ಸರ್ವರುಗಳಿಗೆ ಅನುಮತಿ ಇದೆ ಎಂದು ಸಂಸ್ಥೆ ಬಹಿರಂಗವಾಗಿ ಪ್ರಕಟಿಸಿದ ಪಟ್ಟಿ ಅದು. ಎರಡನೆಯದು ಡಿಕಿಮ್. ಪ್ರಶ್ನೆಪತ್ರಿಕೆಯ ಕಟ್ಟಿಗೆ ಹಾಕುವ ಅರಗಿನ ಮುದ್ರೆಯ ಹಾಗೆ ಇದು ಗಣಿತದ ಮುದ್ರೆ. ದಾರಿಯಲ್ಲಿ ಒಕ್ಕಣೆ ಬದಲಾದರೆ ಮುದ್ರೆ ಒಡೆದಿರುವುದು ಗೊತ್ತಾಗುತ್ತದೆ. ಮೂರನೆಯದು ಡಿಮಾರ್ಕ್. ಈ ಎರಡೂ ಗುರುತು ಹೊಂದದಿದ್ದರೆ ಕಾಗದವನ್ನು ಏನು ಮಾಡಬೇಕು, ಅದರ ವರದಿಯನ್ನು ಯಾವ ವಿಳಾಸಕ್ಕೆ ಕಳಿಸಬೇಕು ಎಂದು ಸಂಸ್ಥೆಯೇ ಮುಂಚಿತವಾಗಿ ಕೊಟ್ಟಿರುವ ಸೂಚನೆ ಅದು.

ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಾಗದ ಕಳಿಸುವವರಿಗೆ ಈ ಮೂರೂ ಇರಲೇಬೇಕೆಂದು ಗೂಗಲ್ 2024ರ ಫೆಬ್ರುವರಿಯಿಂದ ನಿಯಮ ಮಾಡಿತು. ಯಾಹೂ ಕೂಡ ಅದೇ ಸಮಯಕ್ಕೆ ಇಂಥದೇ ನಿಯಮ ತಂದಿತು. ಮೈಕ್ರೋಸಾಫ್ಟ್ 2025ರ ಮೇ ತಿಂಗಳಲ್ಲಿ ಅದೇ ಹಾದಿ ಹಿಡಿಯಿತು.

ಗುರುತು ಸರಿಯಿದ್ದರೆ ಸಾಲದು, ನಡತೆಯೂ ಸರಿಯಿರಬೇಕು. ಕಾಗದ ಪಡೆದವರು 'ಇದು ಸ್ಪ್ಯಾಮ್' ಎಂಬ ಗುಂಡಿ ಒತ್ತಿದಾಗಲೆಲ್ಲ ಕಳಿಸಿದವರ ಲೆಕ್ಕಕ್ಕೆ ಒಂದು ದೂರು ಸೇರುತ್ತದೆ.

ಅಂಚೆಯ ಥರ್ಮಾಮೀಟರು

ಈ ದೂರುಗಳ ಲೆಕ್ಕವನ್ನು ಕಳಿಸುವ ಸಂಸ್ಥೆಗಳಿಗೆ ತೋರಿಸಲು ಗೂಗಲ್ 2015ರಲ್ಲಿ 'ಪೋಸ್ಟ್‌ಮಾಸ್ಟರ್ ಟೂಲ್ಸ್' ಎಂಬ ಉಚಿತ ಸೌಲಭ್ಯ ತೆರೆಯಿತು. ಮೈಕ್ರೋಸಾಫ್ಟಿನದು 'ಎಸ್‌ಎನ್‌ಡಿಎಸ್' ಎಂಬ ಹೆಸರಿನಲ್ಲಿದೆ. ಇವು ಜ್ವರ ನೋಡುವ ಥರ್ಮಾಮೀಟರಿನ ಹಾಗೆ. ಕಾಯಿಲೆ ವಾಸಿ ಮಾಡುವುದಿಲ್ಲ; ಮೈ ಬಿಸಿಯೇರಿದೆಯೇ ಎಂದು ತಿಳಿಸುತ್ತವೆ.

ಗೂಗಲ್‌ನ ಸಲಹೆಯ ಪ್ರಕಾರ ದೂರಿನ ಪ್ರಮಾಣ ಶೇಕಡಾ 0.1ಕ್ಕಿಂತ ಕೆಳಗಿರಬೇಕು, ಶೇಕಡಾ 0.3ನ್ನು ಎಂದೂ ಮುಟ್ಟಬಾರದು. ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಒಂದು ದಿನ 6,000 ಜನರ ಇನ್‌ಬಾಕ್ಸಿಗೆ ಕಾಗದ ಸೇರಿತೆನ್ನಿ. ಶೇಕಡಾ 0.1 ಎಂದರೆ 6 ಜನ. ಶೇಕಡಾ 0.3 ಎಂದರೆ 18 ಜನ. ಆರು ಸಾವಿರದಲ್ಲಿ ಹದಿನೆಂಟು ಮಂದಿ ಬೇಸರದಿಂದ ಒಂದು ಗುಂಡಿ ಒತ್ತಿದರೆ ಅಪಾಯದ ಗೆರೆ ಬಂದೇಬಿಟ್ಟಿತು. ಅದು ಹಾಗೇ ಮುಂದುವರಿದರೆ ಉಳಿದವರಿಗೆ ಹೋಗಬೇಕಾದ ಕಾಗದಗಳೂ ಕಸದ ಪೆಟ್ಟಿಗೆಯ ಕಡೆ ವಾಲತೊಡಗುತ್ತವೆ.

ಈ ಸೌಲಭ್ಯ ಪಡೆಯಲು ಸಂಸ್ಥೆ ತನ್ನ ಡೊಮೈನ್, ಅಂದರೆ ಅಂತರ್ಜಾಲದಲ್ಲಿನ ತನ್ನ ಹೆಸರು, ತನ್ನದೇ ಎಂದು ಸಾಬೀತು ಮಾಡಬೇಕು. ಗೂಗಲ್ ಕೊಡುವ ಒಂದು ಸಂಕೇತದ ಸಾಲನ್ನು ಡೊಮೈನಿನ ದಾಖಲೆಯಲ್ಲಿ ಸೇರಿಸಿದರೆ ಸಾಕು. ಈ ಕೆಲಸ ಮಾಡುವವರು ಸಾಮಾನ್ಯವಾಗಿ ಕಂಪ್ಯೂಟರ್ ತಿಳಿದ ಒಬ್ಬರು. ಅವರು ತಮ್ಮ ಸ್ವಂತ ಖಾತೆಯಿಂದ ಒಳಹೊಕ್ಕು ಇದನ್ನೆಲ್ಲ ಮಾಡಿ ಮುಗಿಸುತ್ತಾರೆ. ಆ ಕ್ಷಣದಿಂದ ಥರ್ಮಾಮೀಟರು ಅವರೊಬ್ಬರ ಕಿಸೆ ಸೇರುತ್ತದೆ.

ಅಂಕಿ ಒಬ್ಬರಲ್ಲಿ, ಕಾರಣ ಇನ್ನೊಬ್ಬರಲ್ಲಿ

ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಸೌಲಭ್ಯ ಏರ್ಪಡಿಸಿದವರು ಕಂಪ್ಯೂಟರ್ ವಿಭಾಗದ ಉಪನ್ಯಾಸಕರು. ಮಂಗಳವಾರ ದೂರಿನ ಗೆರೆ ಸರ್ರನೆ ಮೇಲೇರಿದ್ದು ಅವರಿಗೆ ಕಾಣುತ್ತದೆ. ಏಕೆಂದು ಗೊತ್ತಾಗುವುದಿಲ್ಲ. ಅಂದು ಪ್ರವೇಶ ವಿಭಾಗದವರು ಮೂರು ವರ್ಷ ಹಳೆಯ ಪಟ್ಟಿಯೊಂದನ್ನು ತೆಗೆದು, ಎಂದೋ ಅರ್ಜಿ ಹಾಕಿ ಬೇರೆಡೆ ಸೇರಿದವರಿಗೆಲ್ಲ 'ಪ್ರವೇಶ ಆರಂಭವಾಗಿದೆ' ಎಂದು ಕಾಗದ ಹಾಕಿದ್ದರು. ಈ ಸಂಗತಿ ಗೊತ್ತಿರುವುದು ಗುಮಾಸ್ತರಿಗೆ. ಅವರಿಗೆ ಗೆರೆ ಕಾಣುವುದಿಲ್ಲ. ಇನ್ನು 'ಕಾಗದ ಬಂದಿಲ್ಲ' ಎಂಬ ಫೋನುಗಳು ಹೋಗುವುದು ಮುಂಬಾಗಿಲ ವಿಚಾರಣಾ ಮೇಜಿಗೆ. ಅಲ್ಲಿ ಕುಳಿತವರಿಗೆ ಗೆರೆಯೂ ಗೊತ್ತಿಲ್ಲ, ಹಳೆಯ ಪಟ್ಟಿಯೂ ಗೊತ್ತಿಲ್ಲ. ಮೂವರ ತಿಳಿವಳಿಕೆ ಒಂದೆಡೆ ಸೇರಿದ್ದರೆ ಹತ್ತು ನಿಮಿಷದಲ್ಲಿ ಬಿಡಿಸಬಹುದಾದ ಗಂಟು ಅದು. ಬೇರೆ ಬೇರೆ ಇದ್ದುದರಿಂದ ಪ್ರವೇಶದ ಕಾಲ ಮುಗಿಯುವವರೆಗೂ ಬಿಗಿಯುತ್ತಲೇ ಹೋಗುತ್ತದೆ.

ಅಂಕಿಯನ್ನು ಮಾತ್ರ ನೋಡುವವರು ಮೋಸ ಹೋಗುವ ಇನ್ನೊಂದು ಸಂದರ್ಭವಿದೆ. ದೂರಿನ ಪ್ರಮಾಣವನ್ನು ಲೆಕ್ಕ ಹಾಕುವುದು ಇನ್‌ಬಾಕ್ಸಿಗೆ ಸೇರಿದ ಕಾಗದಗಳ ಮೇಲೆ. ಕಾಗದಗಳೆಲ್ಲ ನೇರವಾಗಿ ಸ್ಪ್ಯಾಮ್ ಪೆಟ್ಟಿಗೆಗೇ ಬೀಳುತ್ತಿದ್ದರೆ ಅವುಗಳ ಮೇಲೆ ದೂರು ಕೊಡಲು ಯಾರಿದ್ದಾರೆ? ಆಗ ಪ್ರಮಾಣ ಸೊನ್ನೆಯ ಹತ್ತಿರವೇ ಕಾಣಬಹುದು. ಪರದೆ ನೋಡಿದ ಉಪನ್ಯಾಸಕರು 'ಎಲ್ಲ ಸರಿಯಾಗಿದೆ' ಎಂದುಕೊಳ್ಳುತ್ತಾರೆ. ಅದೇ ಹೊತ್ತಿಗೆ ವಿಚಾರಣಾ ಮೇಜಿನ ಫೋನು ಬಡಿದುಕೊಳ್ಳುತ್ತಿರುತ್ತದೆ. ಅಳತೆಯ ಅರ್ಥ ತಿಳಿಯಬೇಕಾದರೆ ಕಾಗದ ಬರೆಯುವವರು, ಕಳಿಸುವವರು, ದೂರು ಕೇಳುವವರು ಎಲ್ಲರೂ ಅದನ್ನು ನೋಡುವಂತಿರಬೇಕು.

ನೋಡಿದರೆ ಗುಟ್ಟು ಬಯಲಾಗುವ ಭಯವಿಲ್ಲ. ಈ ಸೌಲಭ್ಯದಲ್ಲಿ ಯಾರ ಕಾಗದದ ಒಕ್ಕಣೆಯೂ ಕಾಣುವುದಿಲ್ಲ. ಯಾರು ದೂರು ಕೊಟ್ಟರೆಂಬ ಹೆಸರೂ ಇರುವುದಿಲ್ಲ. ಒಟ್ಟಾರೆ ಪ್ರಮಾಣಗಳು ಮಾತ್ರ ಇರುತ್ತವೆ. ದಿನಕ್ಕೆ ಕಳಿಸುವ ಕಾಗದಗಳು ತೀರ ಕಡಿಮೆಯಿದ್ದರೆ ಅಂಕಿಗಳನ್ನೇ ತೋರಿಸುವುದಿಲ್ಲ.

ಪಾಸ್‌ವರ್ಡ್ ಹಂಚಿಕೊಂಡರೆ ಆಗದೇ?

ಹಂಚಿಕೊಳ್ಳಬೇಕು ಎಂದಾಕ್ಷಣ ಹಲವರಿಗೆ ಹೊಳೆಯುವ ಉಪಾಯ ಒಂದೇ. ಒಂದು ಖಾತೆ ತೆರೆದು ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು, ಇಲ್ಲವೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಇದರಲ್ಲಿ ತೊಂದರೆಗಳು ಹಲವು.

ಮೊದಲನೆಯದಾಗಿ, ಯಾರು ಏನು ಮಾಡಿದರೆಂದು ತಿಳಿಯುವುದಿಲ್ಲ. ಐದು ಜನ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದರೆ ದಾಖಲೆಯಲ್ಲಿ ಕಾಣುವವನು ಒಬ್ಬನೇ. ಎರಡನೆಯದಾಗಿ, ಐವರಲ್ಲಿ ಒಬ್ಬರು ಕೆಲಸ ಬಿಟ್ಟರೆ ಪಾಸ್‌ವರ್ಡ್ ಬದಲಿಸಿ ಉಳಿದ ನಾಲ್ವರಿಗೂ ಮತ್ತೆ ತಿಳಿಸಬೇಕು. ಆ ಶ್ರಮಕ್ಕೆ ಬೇಸತ್ತು ಬದಲಿಸದೇ ಬಿಟ್ಟರೆ ಹೋದವರ ಕೈಯಲ್ಲಿ ಬೀಗದ ಕೈ ಉಳಿಯುತ್ತದೆ. ಮೂರನೆಯದಾಗಿ, ಈಗ ಖಾತೆಗಳಿಗೆ ಎರಡು ಹಂತದ ತಪಾಸಣೆ ಇರುತ್ತದೆ. ಒಳಗೆ ಹೋಗುವಾಗ ಮೊಬೈಲಿಗೆ ಒಂದು ಸಂಖ್ಯೆ ಬರುತ್ತದೆ. ಐದು ಜನರಲ್ಲಿ ಯಾರ ಮೊಬೈಲು? ಆ ಒಬ್ಬರು ರಜೆಯ ಮೇಲೆ ಹೋದ ದಿನ ಉಳಿದವರು ಹೊರಗೇ. ಕೊನೆಯದಾಗಿ, ಆ ಗೂಗಲ್ ಖಾತೆಯಲ್ಲಿ ಥರ್ಮಾಮೀಟರು ಮಾತ್ರ ಇರುವುದಿಲ್ಲ. ಕಾಗದಗಳು, ಕಡತಗಳು, ಫೋಟೋಗಳೂ ಇರಬಹುದು. ಒಂದು ಅಂಕಿ ತೋರಿಸಲು ಹೋಗಿ ಇಡೀ ಮನೆಯ ಬಾಗಿಲು ತೆರೆದಂತಾಗುತ್ತದೆ.

ತಲೆಗೊಂದು ಕೀಲಿ

ಸರಿಯಾದ ದಾರಿ ಸುಲಭವಾಗಿಯೇ ಇದೆ. ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಡೊಮೈನಿನ ಒಡೆತನ ಸಾಬೀತು ಮಾಡಿದವರು ಇತರರನ್ನು ಸೇರಿಸಬಹುದು. ಸೇರಿಸಬೇಕಾದವರ ಗೂಗಲ್ ಖಾತೆಯ ವಿಳಾಸ ಕೊಟ್ಟರಾಯಿತು. ಅವರು ತಮ್ಮ ಖಾತೆಯಿಂದ, ತಮ್ಮದೇ ಪಾಸ್‌ವರ್ಡ್ ಬಳಸಿ ಅಂಕಿಗಳನ್ನು ನೋಡುತ್ತಾರೆ. ಹಕ್ಕಿನಲ್ಲಿ ಎರಡು ಬಗೆ: ನೋಡುವ ಹಕ್ಕು ಮಾತ್ರ ಇರುವವರು ಒಂದು, ನೋಡುವುದರ ಜೊತೆಗೆ ಇನ್ನೊಬ್ಬರಿಗೆ ಆ ಹಕ್ಕು ಕೊಡಬಲ್ಲವರು ಇನ್ನೊಂದು. ಯಾರಾದರೂ ಕೆಲಸ ಬಿಟ್ಟರೆ ಅವರ ಹೆಸರೊಂದನ್ನು ತೆಗೆದರೆ ಸಾಕು. ಉಳಿದವರಿಗೆ ಯಾವ ಅಡಚಣೆಯೂ ಇಲ್ಲ.

ಇದರ ಹಿಂದೆ ಹಳೆಯದೊಂದು ತತ್ತ್ವವಿದೆ. 1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಮಾಹಿತಿಯ ರಕ್ಷಣೆ ಕುರಿತು ಬರೆದ ಪ್ರಬಂಧ ಇಂದಿಗೂ ಪಾಠವಾಗಿ ಉಳಿದಿದೆ. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟು ಹಕ್ಕು ಇರಲಿ, ಅದಕ್ಕಿಂತ ಹೆಚ್ಚು ಬೇಡ ಎಂಬುದು ಅವರು ಹೇಳಿದ ನಿಯಮಗಳಲ್ಲಿ ಒಂದು. ಮಹತ್ವದ ಬಾಗಿಲಿಗೆ ಎರಡು ಕೀಲಿಗಳಿದ್ದು ಅವು ಬೇರೆ ಬೇರೆಯವರ ಬಳಿ ಇರಬೇಕೆಂಬುದು ಇನ್ನೊಂದು. ಬ್ಯಾಂಕಿನ ಲಾಕರು ತೆರೆಯುವಾಗ ಬ್ಯಾಂಕಿನವರ ಕೀಲಿ, ನಮ್ಮ ಕೀಲಿ ಎರಡೂ ಬೇಕಾಗುವುದನ್ನು ಎಲ್ಲರೂ ನೋಡಿದ್ದೇವೆ.

ಈ ತತ್ತ್ವವನ್ನು ಕಾಲೇಜಿನ ಕಚೇರಿಗೆ ಅನ್ವಯಿಸಿದರೆ ಹೀಗಾಗುತ್ತದೆ: ಅಂಕಿ ನೋಡುವ ಹಕ್ಕು ಕಾಗದದ ಕೆಲಸದಲ್ಲಿರುವ ಎಲ್ಲರಿಗೂ ಇರಲಿ, ಜನರನ್ನು ಸೇರಿಸುವ, ತೆಗೆಯುವ ಹಕ್ಕು ಇಬ್ಬರಿಗೆ ಇರಲಿ, ಒಬ್ಬರಿಗೆ ಮಾತ್ರ ಬೇಡ, ಡೊಮೈನಿನ ದಾಖಲೆ ತಿದ್ದುವ ಹಕ್ಕು ಇನ್ನೂ ಬಿಗಿಯಾಗಿರಲಿ. ಥರ್ಮಾಮೀಟರನ್ನು ಮನೆಯವರೆಲ್ಲ ನೋಡಬಹುದು. ಔಷಧಿಯ ಬೀರುವಿನ ಬೀಗ ಹಿರಿಯರ ಬಳಿ ಇರುತ್ತದೆ.

ಇದ್ದ ಒಬ್ಬರೇ ಒಡೆಯರು ಊರು ಬಿಟ್ಟು ಹೋಗಿದ್ದರೂ ಗಾಬರಿ ಬೇಡ. ಡೊಮೈನಿನ ದಾಖಲೆ ಸಂಸ್ಥೆಯ ಕೈಯಲ್ಲಿದ್ದರೆ ಇನ್ನೊಬ್ಬರು ಹೊಸ ಸಂಕೇತದ ಸಾಲು ಸೇರಿಸಿ ಒಡೆತನವನ್ನು ಮತ್ತೆ ಸಾಬೀತು ಮಾಡಬಹುದು. ಡೊಮೈನನ್ನೇ ಯಾರೋ ಒಬ್ಬರ ಸ್ವಂತ ಹೆಸರಿನಲ್ಲಿ ನೋಂದಾಯಿಸಿದ್ದರೆ ಮಾತ್ರ ಕಷ್ಟ ದೊಡ್ಡದು.

ಹುದ್ದೆಗೊಂದು ವಿಳಾಸ

ಜನ ಬರುತ್ತಾರೆ, ಹೋಗುತ್ತಾರೆ, ಕೆಲಸ ನಿಲ್ಲಬಾರದು. ಇ-ಮೇಲ್ ನಿಯಮ ರೂಪಿಸಿದವರಿಗೆ ಇದು ಮೊದಲೇ ಹೊಳೆದಿತ್ತು. ಇ-ಮೇಲ್ ಪಡೆಯುವ ಪ್ರತಿಯೊಂದು ತಾಣದಲ್ಲೂ 'ಪೋಸ್ಟ್‌ಮಾಸ್ಟರ್' ಎಂಬ ವಿಳಾಸವೊಂದು ಇರಲೇಬೇಕು, ಅದಕ್ಕೆ ಬಂದ ಕಾಗದ ಜವಾಬ್ದಾರಿ ಹೊತ್ತವರಿಗೆ ಸೇರಬೇಕು ಎಂದು 1982ರಷ್ಟು ಹಿಂದೆಯೇ ಬರೆದಿಟ್ಟರು. ಆ ಹುದ್ದೆಯಲ್ಲಿ ಇಂದು ಯಾರಿದ್ದಾರೆ ಎಂಬುದು ಹೊರಗಿನವರಿಗೆ ತಿಳಿಯಬೇಕಾದ ಅಗತ್ಯವೇ ಇಲ್ಲ. 1997ರಲ್ಲಿ ಡೇವ್ ಕ್ರಾಕರ್ ಇಂಥ ಹುದ್ದೆಯ ವಿಳಾಸಗಳ ಒಂದು ಪಟ್ಟಿಯನ್ನೇ ಮಾಡಿದರು. ದುರುಪಯೋಗದ ದೂರಿಗೆ 'ಅಬ್ಯೂಸ್' ಎಂಬ ವಿಳಾಸ ಅದರಲ್ಲಿದೆ.

ಡಿಮಾರ್ಕ್ ವರದಿಗಳು ಬರುವ ವಿಳಾಸವೂ ಹೀಗೆ ಹುದ್ದೆಯ ವಿಳಾಸವೇ ಆಗಿರಬೇಕು. ಸಂಸ್ಥೆಯ ಹೆಸರಿನಲ್ಲಿ ಯಾರ್‍ಯಾರು ಕಾಗದ ಕಳಿಸುತ್ತಿದ್ದಾರೆ, ಕಳ್ಳರು ಯಾರಾದರೂ ಆ ಹೆಸರು ಬಳಸಿ ಪೋಷಕರಿಂದ ಶುಲ್ಕ ಕೀಳಲು ನೋಡುತ್ತಿದ್ದಾರೆಯೇ ಎಂಬ ಸುಳಿವು ಆ ವರದಿಗಳಲ್ಲಿ ಸಿಗುತ್ತದೆ. ಕೆಲಸ ಬಿಟ್ಟುಹೋದವರ ಪೆಟ್ಟಿಗೆಗೆ ಅವು ಬೀಳುತ್ತಿದ್ದರೆ ಬಂದರೂ ಒಂದೇ, ಬಾರದಿದ್ದರೂ ಒಂದೇ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಿಗೆ ವರ್ಗವಾದರೆ 'ಚಾರ್ಜು' ಕೊಟ್ಟೇ ಹೋಗಬೇಕು. ಬೀರುಗಳು, ಬೀಗದ ಕೈಗಳು, ದಾಖಲಾತಿ ಪುಸ್ತಕ, ಪ್ರಯೋಗಾಲಯದ ಸಾಮಾನು, ಒಂದೊಂದನ್ನೂ ಎಣಿಸಿ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುತ್ತಾರೆ. ಆ ಪಟ್ಟಿಗೆ ಈಗ ಇನ್ನೊಂದು ಪುಟ ಸೇರಬೇಕು: ಡೊಮೈನ್ ಯಾರ ಹೆಸರಿನಲ್ಲಿದೆ, ಅದರ ಅವಧಿ ಎಂದು ಮುಗಿಯುತ್ತದೆ, ಅಂಕಿಗಳನ್ನು ನೋಡುವ ಹಕ್ಕು ಯಾರ್‍ಯಾರಿಗಿದೆ, ವರದಿಗಳು ಯಾವ ವಿಳಾಸಕ್ಕೆ ಬರುತ್ತವೆ.

ಮನೆಯಲ್ಲಿ ಮಾಡಬಹುದಾದದ್ದು

ಪೋಷಕರೂ ವಿದ್ಯಾರ್ಥಿಗಳೂ ಕೆಲವನ್ನು ರೂಢಿ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಅರ್ಜಿ ಹಾಕಿದ ಮೇಲೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ಎರಡು ದಿನಕ್ಕೊಮ್ಮೆ ತೆರೆದು ನೋಡಿ. ನಿಜವಾದ ಕಾಗದ ಅಲ್ಲಿ ಸಿಕ್ಕರೆ 'ಸ್ಪ್ಯಾಮ್ ಅಲ್ಲ' ಎಂದು ಗುರುತು ಮಾಡಿ. ಇದರಿಂದ ನಿಮಗೂ ಮುಂದಿನ ಕಾಗದ ಸಿಗುವ ಸಂಭವ ಹೆಚ್ಚು, ಕಳಿಸಿದವರಿಗೂ ಉಪಕಾರ. ಆದರೆ ಅಲ್ಲಿರುವುದೆಲ್ಲ ನಿಜವೆಂದು ನಂಬಬೇಡಿ. ಹಣ ಕಟ್ಟಿರೆಂದು ಕೇಳುವ ಕಾಗದವನ್ನು ಕಾಲೇಜಿನ ಸ್ವಂತ ಜಾಲತಾಣದಲ್ಲೋ ಫೋನಿನಲ್ಲೋ ವಿಚಾರಿಸಿದ ನಂತರವೇ ನಂಬಬೇಕು. ಪರಿಚಿತ ಸಂಸ್ಥೆಯ ಕಾಗದ ಇನ್ನು ಬೇಡವೆನಿಸಿದರೆ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ಸ್ಪ್ಯಾಮ್ ಗುಂಡಿಯನ್ನು ನಿಜವಾದ ಕಸಕ್ಕೆ ಮೀಸಲಿಡಿ. ನೀವು ಸುಮ್ಮನೆ ಒತ್ತಿದ ಒಂದು ಗುಂಡಿ ಆ ಹದಿನೆಂಟರಲ್ಲಿ ಒಂದಾಗಬಹುದು.

ಕಾಗದ ಬಾರದೆ ಅವಕಾಶ ತಪ್ಪುವಂತಿದ್ದರೆ ಜಗಳಕ್ಕಿಂತ ಪ್ರಶ್ನೆ ಮೇಲು. 'ಕಳಿಸಿದ್ದೀರಾ?' ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. 'ತಲುಪಿದೆಯೋ ಇಲ್ಲವೋ ಎಂದು ನಿಮ್ಮಲ್ಲಿ ಯಾರು ನೋಡುತ್ತಾರೆ? ಅವರಿಲ್ಲದ ದಿನ ಯಾರು ನೋಡುತ್ತಾರೆ?' ಎಂದು ಕೇಳಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ತರಗತಿಯ ಪ್ರಾಜೆಕ್ಟು ಮಾಡುವಾಗ ಗೆಳೆಯರಲ್ಲಿ ಒಬ್ಬನ ಖಾತೆಯ ಪಾಸ್‌ವರ್ಡನ್ನು ಎಲ್ಲರೂ ಬಳಸುವ ಅಭ್ಯಾಸ ಬೇಡ. ಕಡತವನ್ನು ಹಂಚುವ ಅನುಕೂಲ ಅಲ್ಲೇ ಇರುತ್ತದೆ. ಪ್ರತಿಯೊಬ್ಬರನ್ನೂ ಅವರವರ ಹೆಸರಿನಲ್ಲಿ ಸೇರಿಸಿಕೊಳ್ಳಿ. ಪ್ರಾಜೆಕ್ಟು ಮುಗಿದ ದಿನ ಯಾರ ಹೆಸರು ಇರಬೇಕು, ಯಾರದು ತೆಗೆಯಬೇಕು ಎಂದು ಒಮ್ಮೆ ನೋಡಿ. ನಾಳೆ ದೊಡ್ಡ ಕಚೇರಿಗಳ ಜವಾಬ್ದಾರಿ ಹೊರುವವರು ನೀವೇ. ಅಲ್ಲಿ ಸಾವಿರಾರು ಜನ ನಿಮ್ಮ ಕಾಗದಕ್ಕಾಗಿ ಕಾಯುತ್ತಿರುತ್ತಾರೆ.